ಮೊಣಕಾಲು ಸವೆತ: ಸ್ಟೆಮ್ ಸೆಲ್ ಚುಚ್ಚುಮದ್ದು ಮತ್ತು ಇತರ ಚಿಕಿತ್ಸೆಗಳು

(ಸಂಘದ ವಾರ್ಷಿಕ ಸಭೆಯಲ್ಲಿ ಮೂಳೆ ಮತ್ತು ಕೀಲು ತಜ್ಞರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ಆರೋಗ್ಯದ ಬಗ್ಗೆ ಏನಾದರೂ ಮಾತಾಡಿ ಡಾಕ್ಟ್ರೇ" ಎಂದಾಗ ವಿಷಯ ಹುಡುಕುವ ಕಷ್ಟ ನನಗೆ ಬರಲಿಲ್ಲ. ಕೆಲವು ವರ್ಷಗಳಿಂದ ನನ್ನ ಬಳಿ ಬರುವ ಮೊಣಕಾಲು ನೋವಿನವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಆಪರೇಷನ್ ಬೇಡವಂತೆ, ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿದರೆ ಸವೆದದ್ದು ಮತ್ತೆ ಬೆಳೆಯುತ್ತದಂತೆ, ಹೌದಾ?" ಕೇಳುವವರ ಕೈಯಲ್ಲಿ ಮೊಬೈಲ್ ಇರುತ್ತದೆ, ಅದರಲ್ಲಿ ವಿಡಿಯೊ ಇರುತ್ತದೆ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಇದಕ್ಕೆ ಸರಿಯಾದ ಉತ್ತರ ಕೊಡಲು ಆಗುವುದಿಲ್ಲ. ಇಂದು ಸಮಯ ಸಿಕ್ಕಿದೆ, ಆದ್ದರಿಂದ ಆ ಪ್ರಶ್ನೆಯನ್ನೇ ತೆಗೆದುಕೊಂಡಿದ್ದೇನೆ.

ಇದು ಮುದುಕರ ವಿಷಯ, ನಮಗೇಕೆ ಎಂದು ಹಿಂದಿನ ಸಾಲಿನ ವಿದ್ಯಾರ್ಥಿಗಳು ಅಂದುಕೊಳ್ಳಬಾರದು. ಮನೆಯಲ್ಲಿ ಉಮ್ಮನಿಗೋ ಅಮ್ಮಿಗೋ ಅಜ್ಜಿಗೋ ಮಂಡಿ ನೋವು ಬಂದಾಗ ಆಸ್ಪತ್ರೆಯ ಕಾಗದ ಓದುವವರು ನೀವು, ಮೊಬೈಲ್‌ನಲ್ಲಿ ಹುಡುಕುವವರು ನೀವು, ಎಷ್ಟೋ ಮನೆಗಳಲ್ಲಿ ನಿರ್ಧಾರ ಹೇಳುವವರೂ ನೀವೇ. ನನ್ನ ಇಂದಿನ ಮಾತು ಹೆಚ್ಚಾಗಿ ನಿಮಗಾಗಿಯೇ.

ತೊಂದರೆ ಎಷ್ಟು ದೊಡ್ಡದು ಎಂಬುದನ್ನು ತಿಳಿಯಲು ನಮ್ಮ ಮಸೀದಿಯ ಕುರ್ಚಿಗಳನ್ನು ಎಣಿಸಿದರೂ ಸಾಕು. ಮನೆಯಲ್ಲೇ ನಮಾಝ್ ಮಾಡುವ ಹೆಂಗಸರ ಕುರ್ಚಿಗಳನ್ನು ಯಾರೂ ಎಣಿಸುವುದಿಲ್ಲ, ನಿಜವಾಗಿ ನೋವು ಹೆಚ್ಚಿರುವುದು ಅಲ್ಲಿ. ನಮ್ಮ ದೇಶದ ಐದು ಕಡೆ, 40 ದಾಟಿದ ಸುಮಾರು 5,000 ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೂರಕ್ಕೆ 28.7 ಜನರಲ್ಲಿ ಮೊಣಕಾಲು ಸವೆತ ಕಂಡುಬಂತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಸವೆಯುವುದು ಏನು? ತೊಡೆಯ ಮೂಳೆಯ ಕೆಳತುದಿ ಮತ್ತು ಕೆಳಗಾಲಿನ ಮೂಳೆಯ ಮೇಲ್ತುದಿ, ಎರಡರ ಮೇಲೂ ಕೆಲವೇ ಮಿಲಿಮೀಟರ್ ದಪ್ಪದ ಬಿಳಿ, ನುಣುಪಾದ ಹೊದಿಕೆ ಇದೆ. ಇದೇ ಮೃದ್ವಸ್ಥಿ, ಕಾರ್ಟಿಲೇಜ್. ಮಾಂಸದ ಅಂಗಡಿಯಲ್ಲಿ ಎಲುಬಿನ ತುದಿಯಲ್ಲಿ ಹೊಳೆಯುವ ಆ ಪದರವನ್ನು ನೀವೆಲ್ಲ ನೋಡಿದ್ದೀರಿ. ಅದರಲ್ಲಿ ರಕ್ತನಾಳಗಳಿಲ್ಲ. ಚರ್ಮ ಕೊಯ್ದರೆ ವಾರದಲ್ಲಿ ಕೂಡುತ್ತದೆ, ಮೂಳೆ ಮುರಿದರೆ ಎರಡು ಮೂರು ತಿಂಗಳಲ್ಲಿ ಕೂಡುತ್ತದೆ, ಏಕೆಂದರೆ ಅಲ್ಲಿಗೆ ರಕ್ತ ಹರಿಯುತ್ತದೆ. ಮೃದ್ವಸ್ಥಿಗೆ ಆ ಭಾಗ್ಯವಿಲ್ಲ. ಅದು ಒಮ್ಮೆ ಹೋದರೆ ತಾನಾಗಿ ಮೊದಲಿನಂತೆ ಬೆಳೆಯುವುದಿಲ್ಲ. ಸ್ಟೆಮ್ ಸೆಲ್‌ನ ಆಕರ್ಷಣೆ ಹುಟ್ಟುವುದೇ ಇಲ್ಲಿಂದ.

ಇನ್ನೊಂದು ಮಾತು ನೆನಪಿಡಿ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ನೇರವಾದ ಲೆಕ್ಕವಿಲ್ಲ. ಚಿತ್ರ ಬಹಳ ಕೆಟ್ಟದಾಗಿದ್ದರೂ ತೋಟದಲ್ಲಿ ಓಡಾಡುವವರಿದ್ದಾರೆ, ಚಿತ್ರ ಚೆನ್ನಾಗಿದ್ದರೂ ಮೆಟ್ಟಿಲು ಹತ್ತಲಾಗದವರಿದ್ದಾರೆ. ನೋವು ಬರುವುದು ಮೃದ್ವಸ್ಥಿಯಿಂದಲ್ಲ, ಅದರಲ್ಲಿ ನರವೂ ಇಲ್ಲ. ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು, ಕೆಳಗಿನ ಮೂಳೆ, ದೇಹದ ತೂಕ, ನಿದ್ದೆ, ಮನಸ್ಸು ಎಲ್ಲವೂ ಅದರಲ್ಲಿ ಸೇರಿವೆ. ಮತ್ತು ಈ ನೋವು ಏರಿಳಿಯುವ ನೋವು. ಒಂದು ತಿಂಗಳು ಕಾಡುತ್ತದೆ, ಮುಂದಿನ ತಿಂಗಳು ತಾನೇ ಇಳಿಯುತ್ತದೆ. ಜನ ಡಾಕ್ಟರ ಬಳಿ ಹೋಗುವುದು ನೋವು ಅತಿಯಾದಾಗ. ಆಗ ಏನು ಕೊಟ್ಟರೂ, ಬರೀ ನೀರು ಕೊಟ್ಟರೂ, ಕೆಲವು ವಾರಗಳಲ್ಲಿ ಬಹಳ ಜನರಿಗೆ ಕಡಿಮೆಯಾಗುತ್ತದೆ. ಯಶಸ್ಸು ಮಾತ್ರ ಕೊನೆಗೆ ಕೊಟ್ಟ ಔಷಧಿಯ ಹೆಸರಿಗೆ.

ಇದು ಊಹೆಯ ಮಾತಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಡಾ. ಮೋಸ್ಲಿ ಎಂಬ ಶಸ್ತ್ರವೈದ್ಯರು ನಡೆಸಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಆ ಕಾಲದಲ್ಲಿ ಸವೆದ ಮೊಣಕಾಲಿಗೆ ದುರ್ಬೀನು ಹಾಕಿ ಒಳಗೆ ತೊಳೆದು, ಕೆರೆದು ಸರಿಮಾಡುವ ಆಪರೇಷನ್ ಬಹಳ ನಡೆಯುತ್ತಿತ್ತು. ಅವರು 180 ರೋಗಿಗಳನ್ನು ಚೀಟಿ ಎತ್ತುವ ರೀತಿಯಲ್ಲಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೆರೆದರು, ಒಂದು ಗುಂಪಿಗೆ ತೊಳೆದರು. ಮೂರನೆಯ ಗುಂಪಿಗೆ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಹೊಲಿಗೆ ಹಾಕಿದರು, ಒಳಗೆ ಏನೂ ಮಾಡಲಿಲ್ಲ. ತಮಗೆ ಯಾವುದಾಯಿತು ಎಂದು ರೋಗಿಗಳಿಗೆ ಗೊತ್ತಿರಲಿಲ್ಲ, ಹೀಗೂ ಆಗಬಹುದು ಎಂಬುದಕ್ಕೆ ಅವರು ಮೊದಲೇ ಒಪ್ಪಿಗೆ ಕೊಟ್ಟಿದ್ದರು. ಎರಡು ವರ್ಷ ನೋಡಿದಾಗ ಸುಳ್ಳು ಆಪರೇಷನ್ ಆದವರಿಗಿಂತ ನಿಜವಾದದ್ದು ಆದವರು ಮೇಲಾಗಿರಲಿಲ್ಲ. ಅಷ್ಟು ವರ್ಷ ಸಾವಿರಾರು ಜನ "ನನಗೆ ಗುಣವಾಯಿತು" ಎಂದು ಹೇಳಿದ್ದರಲ್ಲ, ಅವರು ಸುಳ್ಳು ಹೇಳಿರಲಿಲ್ಲ. ಗುಣ ನಿಜ, ಆದರೆ ಅದರ ಕಾರಣ ಆಪರೇಷನ್ ಆಗಿರಲಿಲ್ಲ.

ಆದ್ದರಿಂದ ಯಾರಾದರೂ "ನೂರರಲ್ಲಿ ಎಪ್ಪತ್ತು ಜನರಿಗೆ ಗುಣವಾಗಿದೆ" ಎಂದರೆ ನೀವು ಮರುಪ್ರಶ್ನೆ ಕೇಳಬೇಕು: ಯಾವುದಕ್ಕೆ ಹೋಲಿಸಿದರೆ? ಅದನ್ನು ಪಡೆಯದವರಲ್ಲಿ ಎಷ್ಟು ಜನರಿಗೆ ಗುಣವಾಯಿತು? ಈಗ ಇದೇ ಪ್ರಶ್ನೆಯನ್ನು ಹಿಡಿದು ಮೊಣಕಾಲಿಗೆ ಹಾಕುವ ಸೂಜಿಗಳನ್ನು ಒಂದೊಂದಾಗಿ ನೋಡೋಣ.

ಹಳೆಯದು ಸ್ಟೆರಾಯ್ಡ್. ಬೆಲೆ ಕಡಿಮೆ. ಊದಿಕೊಂಡು ನೋಯುತ್ತಿರುವ ಮಂಡಿಗೆ ಕೆಲವು ವಾರ ನೆಮ್ಮದಿ ಕೊಡುತ್ತದೆ. ಮಗಳ ಮದುವೆ ಮುಂದಿನ ವಾರ ಇದೆ ಎಂದು ಬಂದವರಿಗೆ ನಾನೂ ಹಾಕಿದ್ದೇನೆ. ಆದರೆ ಮತ್ತೆ ಮತ್ತೆ ಹಾಕಿಸಿಕೊಳ್ಳುವುದು ಸರಿಯಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 140 ಜನರಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಸ್ಟೆರಾಯ್ಡ್ ಅಥವಾ ಬರೀ ಉಪ್ಪುನೀರು ಕೊಟ್ಟರು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಮೃದ್ವಸ್ಥಿ ಮಾತ್ರ ಸ್ಟೆರಾಯ್ಡ್ ಪಡೆದವರಲ್ಲಿ ಹೆಚ್ಚು ತೆಳ್ಳಗಾಗಿತ್ತು. ಸಕ್ಕರೆ ಕಾಯಿಲೆ ಇರುವವರಿಗೆ ಇದನ್ನು ಹಾಕಿದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಡಾಕ್ಟರಿಗೆ ಮೊದಲೇ ಹೇಳಿ.

ಮಂಡಿಗೆ "ಎಣ್ಣೆ ಹಾಕುವುದು" ಎಂದು ಜನ ಕರೆಯುವ ಹಯಲುರಾನಿಕ್ ಆಮ್ಲದ ಸೂಜಿಯ ಬಗ್ಗೆ ಬಹಳ ಹೇಳುವುದಿಲ್ಲ. ದೊಡ್ಡ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಉಪ್ಪುನೀರಿಗಿಂತ ಅದರ ಲಾಭ ತೀರಾ ಅಲ್ಪ.

ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮಂಡಿಗೆ ಹಾಕುವುದು ಪಿ.ಆರ್.ಪಿ. ಇದನ್ನು ಕೆಲವು ಕಡೆ ಸ್ಟೆಮ್ ಸೆಲ್ ಎಂದೇ ಹೇಳಿ ಮಾರುತ್ತಾರೆ. ಅದು ಸ್ಟೆಮ್ ಸೆಲ್ ಅಲ್ಲ. ಆಸ್ಟ್ರೇಲಿಯದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ವರ್ಷದ ನಂತರ, ಸೊನ್ನೆಯಿಂದ ಹತ್ತರ ನೋವಿನ ಅಳತೆಯಲ್ಲಿ ಪಿ.ಆರ್.ಪಿ. ಪಡೆದವರ ನೋವು ಸರಾಸರಿ 2.1 ಇಳಿದಿತ್ತು. ಇಷ್ಟನ್ನೇ ಅಚ್ಚು ಹಾಕಿಸಿದರೆ ಒಳ್ಳೆಯ ಜಾಹೀರಾತಾಗುತ್ತದೆ. ಆದರೆ ಉಪ್ಪುನೀರು ಪಡೆದವರದ್ದೂ 1.8 ಇಳಿದಿತ್ತು! ಎರಡರ ನಡುವಿನ ಅಂತರಕ್ಕಾಗಿ ನೀವು ದುಡ್ಡು ಕೊಡುತ್ತೀರಿ. ಬೇರೆ ಕೆಲವು ಸಣ್ಣ ಅಧ್ಯಯನಗಳು ಪಿ.ಆರ್.ಪಿ. ಪರವಾಗಿಯೂ ಇವೆ, ಅದನ್ನು ಹಾಕುವ ಪ್ರಾಮಾಣಿಕ ವೈದ್ಯರೂ ಇದ್ದಾರೆ. ನನ್ನ ತಕ್ಕಡಿಯಲ್ಲಿ ಮಾತ್ರ ಅದು ಹಗುರವಾಗಿಯೇ ಕಾಣುತ್ತದೆ.

ಈಗ ಸ್ಟೆಮ್ ಸೆಲ್, ಕನ್ನಡದಲ್ಲಿ ಆಕರ ಕೋಶ. ಇನ್ನೂ ಯಾವ ಕೆಲಸಕ್ಕೂ ಮೀಸಲಾಗದ, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ರಕ್ತದ ಕ್ಯಾನ್ಸರ್, ಥಲಸ್ಸೇಮಿಯ ಮುಂತಾದವುಗಳಲ್ಲಿ ಅಸ್ಥಿಮಜ್ಜೆಯ ಆಕರ ಕೋಶಗಳು ದಶಕಗಳಿಂದ ಜೀವ ಉಳಿಸುತ್ತಿವೆ, ಅದರಲ್ಲಿ ಸಂಶಯವಿಲ್ಲ. ಆ ಒಳ್ಳೆಯ ಹೆಸರನ್ನು ಮಂಡಿಗೂ ಕೂದಲಿಗೂ ಎಲ್ಲಕ್ಕೂ ಅಂಟಿಸಿ ವ್ಯಾಪಾರ ಮಾಡುವುದು ಬೇರೆ ಮಾತು. ಭ್ರೂಣದಿಂದ ತೆಗೆಯುತ್ತಾರಂತೆ, ನಮಗೆ ಅದು ಆಗುತ್ತದೆಯೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಮೊಣಕಾಲಿಗೆ ಬಳಸುವುದು ಹೆಚ್ಚಾಗಿ ದೊಡ್ಡವರ ಅಸ್ಥಿಮಜ್ಜೆ ಅಥವಾ ಕೊಬ್ಬಿನಿಂದ, ಕೆಲವೊಮ್ಮೆ ಹೆರಿಗೆಯಾದ ಮೇಲಿನ ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳನ್ನು. ಭ್ರೂಣದ್ದಲ್ಲ.

ಹಾಕಿದ ಕೋಶ ಮಂಡಿಯೊಳಗೆ ಹೋಗಿ ಹೊಸ ಮೃದ್ವಸ್ಥಿಯಾಗಿ ಕೂರುತ್ತದೆ ಎಂಬುದು ವಿಡಿಯೊದಲ್ಲಿ ಕಾಣುವ ಚಿತ್ರ. ಈ ಕೋಶಗಳಿಗೆ 1991ರಲ್ಲಿ "ಮೀಸೆಂಕೈಮಲ್ ಸ್ಟೆಮ್ ಸೆಲ್" ಎಂದು ಹೆಸರಿಟ್ಟವರು ಅಮೆರಿಕದ ವಿಜ್ಞಾನಿ ಆರ್ನಲ್ಡ್ ಕ್ಯಾಪ್ಲನ್. ಅವರೇ 2017ರಲ್ಲಿ, ಈ ಹೆಸರನ್ನು ಬದಲಿಸುವ ಕಾಲ ಬಂದಿದೆ ಎಂದು ಬರೆದರು. ದೇಹದೊಳಗೆ ಇವು ಹೊಸ ಅಂಗಾಂಶವಾಗಿ ಬೆಳೆಯುವುದಕ್ಕಿಂತ ಉರಿಯೂತ ತಗ್ಗಿಸುವ ಸಂಕೇತ ವಸ್ತುಗಳನ್ನು ಸುರಿಸುತ್ತವೆ, ಸ್ಟೆಮ್ ಸೆಲ್ ಎಂಬ ಹೆಸರು ಜನರನ್ನು ದಾರಿ ತಪ್ಪಿಸುತ್ತಿದೆ ಎಂಬುದು ಅವರ ವಾದ. ಹೆಸರಿಟ್ಟವರೇ ಹಾಗೆ ಹೇಳಿದ ಮೇಲೆ, ಹೊಸ ಮಂಡಿ ಬೆಳೆಸುತ್ತೇವೆ ಎನ್ನುವವರ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ನೀವೇ ಯೋಚಿಸಿ.

ಹೋಲಿಕೆಯ ಪ್ರಶ್ನೆ ಇಲ್ಲಿಯೂ ಇದೆ. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 475 ರೋಗಿಗಳಿದ್ದರು. ಅಸ್ಥಿಮಜ್ಜೆಯ ಕೋಶ, ಕೊಬ್ಬಿನ ಕೋಶ, ಹೊಕ್ಕುಳಬಳ್ಳಿಯ ಕೋಶ, ಈ ಮೂರನ್ನೂ ಸಾಧಾರಣ ಸ್ಟೆರಾಯ್ಡ್ ಸೂಜಿಯ ಜೊತೆ ಹೋಲಿಸಿದರು. ಒಂದು ವರ್ಷದ ನಂತರ ಮೂರರಲ್ಲಿ ಒಂದೂ ಸ್ಟೆರಾಯ್ಡ್‌ಗಿಂತ ಮೇಲೆಂದು ಕಾಣಲಿಲ್ಲ.

ಹಾಗೆಂದು ಎಲ್ಲವೂ ಮೋಸ ಎಂದು ನಾನು ಹೇಳಿದರೆ ಅದೂ ನ್ಯಾಯವಲ್ಲ. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ, ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳ ಔಷಧಿಯೊಂದನ್ನು ಕ್ರಮಬದ್ಧವಾಗಿ ಪರೀಕ್ಷಿಸಿತು. 146 ರೋಗಿಗಳು, ಅರ್ಧ ಜನರಿಗೆ ಎರಡೂವರೆ ಕೋಟಿ ಕೋಶಗಳು, ಉಳಿದ ಅರ್ಧಕ್ಕೆ ಕೋಶವಿಲ್ಲದ ದ್ರವ. ಒಂದು ವರ್ಷದ ನಂತರ ಕೋಶ ಪಡೆದವರ ನೋವು ಮತ್ತು ಓಡಾಟ ಇನ್ನೊಂದು ಗುಂಪಿಗಿಂತ ಉತ್ತಮವಾಗಿತ್ತು. ಇದರ ಆಧಾರದ ಮೇಲೆ 2022ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಅದಕ್ಕೆ ಅನುಮತಿ ಕೊಟ್ಟರು. ಕನ್ನಡನಾಡಿನಲ್ಲಿ ಆದ ಈ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಅನುಮತಿ ಯಾರಿಗೆ ಎಂಬುದನ್ನೂ ಓದಬೇಕು. ಸವೆತವನ್ನು ಎಕ್ಸ್‌ರೇ ನೋಡಿ ನಾಲ್ಕು ಹಂತವಾಗಿ ಅಳೆಯುವ ಪದ್ಧತಿ 1957ರಿಂದ ಇದೆ. ಈ ಔಷಧಿ ಪರೀಕ್ಷೆಯಾದದ್ದು ಎರಡು ಮತ್ತು ಮೂರನೆಯ ಹಂತದವರಲ್ಲಿ. ಮೂಳೆಗೆ ಮೂಳೆ ತಾಗುವ ನಾಲ್ಕನೆಯ ಹಂತದವರಲ್ಲಿ ಅಲ್ಲ. 146 ಎಂಬುದು ಸಣ್ಣ ಸಂಖ್ಯೆ, ಒಂದು ವರ್ಷ ಎಂಬುದು ಸಣ್ಣ ಅವಧಿ. ಇದನ್ನು ಆಶಾದಾಯಕ ಎನ್ನಬಹುದು, ಇತ್ಯರ್ಥವಾಗಿದೆ ಎನ್ನಲಾಗದು.

ನನ್ನ ಬಳಿ ಒಬ್ಬ ತಾಯಿ ಬಂದಿದ್ದರು, ವಯಸ್ಸು ಅರವತ್ತರ ಮೇಲೆ. ಎರಡೂ ಕಾಲು ಬಿಲ್ಲಿನಂತೆ ಬಾಗಿದ್ದವು. ಎಕ್ಸ್‌ರೇಯಲ್ಲಿ ನಾಲ್ಕನೆಯ ಹಂತ, ಒಳಬದಿಯಲ್ಲಿ ಸಂದೇ ಉಳಿದಿರಲಿಲ್ಲ. ಎಂಟು ತಿಂಗಳ ಹಿಂದೆ ದೂರದ ಊರಿನ ಒಂದು ಕ್ಲಿನಿಕ್ಕಿನಲ್ಲಿ ಎರಡೂ ಮಂಡಿಗೆ "ಸ್ಟೆಮ್ ಸೆಲ್" ಹಾಕಿಸಿಕೊಂಡಿದ್ದರು. ಗಲ್ಫ್‌ನಲ್ಲಿರುವ ಮಗ ಸ್ವಲ್ಪ ಕಳಿಸಿದ್ದ, ಉಳಿದದ್ದಕ್ಕೆ ಬಳೆ ಅಡವಿಟ್ಟಿದ್ದರು. ಕಾಗದ ತೋರಿಸಿ ಎಂದೆ. ಮೊತ್ತ ಬರೆದ ರಸೀದಿ ಇತ್ತು. ಹಾಕಿದ್ದು ಯಾವ ಔಷಧಿ, ಯಾರು ತಯಾರಿಸಿದ್ದು, ಎಷ್ಟು ಕೋಶ, ಒಂದೂ ಅದರಲ್ಲಿ ಇರಲಿಲ್ಲ. ಎರಡು ತಿಂಗಳು ಹಗುರವಾಗಿತ್ತು, ಆಮೇಲೆ ಮೊದಲಿನ ಹಾಗೆಯೇ ಎಂದರು. ಅವರಿಗೆ ಬೇಕಾಗಿದ್ದದ್ದು ಕೀಲು ಬದಲಿ ಶಸ್ತ್ರಚಿಕಿತ್ಸೆ. "ಇನ್ನು ದುಡ್ಡಿಲ್ಲ ಡಾಕ್ಟ್ರೇ, ಮಗನ ಹತ್ತಿರ ಮತ್ತೆ ಕೇಳಲು ಮುಖವಿಲ್ಲ" ಎಂದರು. ಸೂಜಿಯಿಂದ ಅವರ ಮಂಡಿಗೆ ಹಾನಿಯೇನೂ ಆಗಿರಲಿಲ್ಲ. ಹಾನಿಯಾದದ್ದು ಬೇರೆ ಕಡೆ.

ಕೆಲವರಿಗೆ ಮಂಡಿಗೂ ಹಾನಿಯಾಗುತ್ತದೆ. ಅಮೆರಿಕದಲ್ಲಿ 2018ರಲ್ಲಿ, ಹೊಕ್ಕುಳಬಳ್ಳಿಯ ರಕ್ತದಿಂದ ಮಾಡಿದ್ದೆಂದು ಮಾರಾಟವಾದ, ಸರಕಾರದ ಅನುಮತಿ ಇಲ್ಲದ ಸೂಜಿಗಳಿಂದ 12 ಜನರಿಗೆ ಸೋಂಕು ತಗಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ವರದಿ ಮಾಡಿತು.

ನಮ್ಮಲ್ಲಿ ನಿಯಮ ಇಲ್ಲವೇ? ಇದೆ. ಐ.ಸಿ.ಎಂ.ಆರ್. ಸಂಸ್ಥೆಯ 2017ರ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತಸಂಬಂಧಿ ಕಾಯಿಲೆಗಳಿಗೆ ಒಪ್ಪಿಗೆಯಾದ ಬಳಕೆ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆ ಪ್ರಯೋಗ ಮಾತ್ರ, ಪ್ರಯೋಗವನ್ನು ಅನುಮತಿ ಪಡೆದೇ ಮಾಡಬೇಕು, ಅದರ ಖರ್ಚನ್ನು ರೋಗಿಯಿಂದ ವಸೂಲಿ ಮಾಡಬಾರದು. ಆದ್ದರಿಂದ ಯಾರಾದರೂ ಸ್ಟೆಮ್ ಸೆಲ್ ಹಾಕುತ್ತೇವೆ ಎಂದರೆ ಔಷಧಿಯ ಹೆಸರನ್ನು ಬರೆದುಕೊಡಲು ಕೇಳಿ. ಅದು ಔಷಧ ನಿಯಂತ್ರಕರ ಅನುಮತಿ ಪಡೆದದ್ದೇ, ನಿಮ್ಮ ಸವೆತದ ಹಂತಕ್ಕೆ ಅನುಮತಿ ಇದೆಯೇ ಎಂದು ಕೇಳಿ. ಇದು ಪ್ರಯೋಗ ಎಂದರೆ ಸಿ.ಟಿ.ಆರ್.ಐ. ನೋಂದಣಿ ಸಂಖ್ಯೆ ಕೇಳಿ. ದೇಶದ ಎಲ್ಲ ವೈದ್ಯಕೀಯ ಪ್ರಯೋಗಗಳ ಆ ಪಟ್ಟಿಯನ್ನು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ಪ್ರಯೋಗ ಎಂದೂ ಹೇಳಿ, ಬಿಲ್ಲನ್ನೂ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಮೊಬೈಲ್ ಹಿಡಿದ ವಿದ್ಯಾರ್ಥಿಗೆ ಇದು ಹತ್ತು ನಿಮಿಷದ ಕೆಲಸ. ಮೇಲೆ ಹೇಳಿದ ತಾಯಿಯ ಮನೆಯಲ್ಲೂ ಕಾಲೇಜು ಓದುವ ಮೊಮ್ಮಗ ಇದ್ದ.

ಹಾಗಾದರೆ ಕೆಲಸ ಮಾಡುವುದು ಯಾವುದು ಡಾಕ್ಟ್ರೇ ಎಂದು ಕೇಳಿದರೆ ನನ್ನ ಉತ್ತರ ಕೇಳಿ ಜನ ಬೇಸರ ಪಡುತ್ತಾರೆ: ತೊಡೆಯ ಸ್ನಾಯು ಮತ್ತು ಹೊಟ್ಟೆಯ ಸುತ್ತಳತೆ. ಇದನ್ನು ಹೇಳಿದ ಕೂಡಲೇ, "ಅದಿರಲಿ, ಔಷಧಿ ಏನು ಕೊಡುತ್ತೀರಿ" ಎನ್ನುತ್ತಾರೆ. ಇದೇ ಔಷಧಿ. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರಲ್ಲಿ ಫಿಸಿಯೋಥೆರಪಿಯನ್ನು ಸ್ಟೆರಾಯ್ಡ್ ಸೂಜಿಗೆ ಹೋಲಿಸಿ 2020ರಲ್ಲಿ ಪ್ರಕಟಿಸಿದಾಗ ಒಂದು ವರ್ಷದ ಕೊನೆಗೆ ಗೆದ್ದದ್ದು ಫಿಸಿಯೋಥೆರಪಿ. ಆ 475 ಜನರ ಅಧ್ಯಯನದಲ್ಲಿ ಸ್ಟೆಮ್ ಸೆಲ್‌ಗೆ ಮೀರಿಸಲಾಗದೆ ಹೋದದ್ದೂ ಇದೇ ಸ್ಟೆರಾಯ್ಡನ್ನು ಎಂಬುದು ನೆನಪಿರಲಿ.

ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಮಾಡಿ, ತೊಡೆ ಬಿಗಿದು ಐದು ಎಣಿಸಿ ಇಳಿಸಿ. ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಕೆಲವು ವಾರದ ನಂತರ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ. ಮೊದಲ ಹದಿನೈದು ದಿನ ಸ್ವಲ್ಪ ನೋವಾಗುತ್ತದೆ, ಅದಕ್ಕೆ ಹೆದರಿ ಬಿಡಬೇಡಿ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಒಂದೇ ಮಂಡಿ ನೋಯುವವರು ಕೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. ಹೆಚ್ಚಿನವರು ತಿರುಗಾಮುರುಗ ಹಿಡಿಯುತ್ತಾರೆ.

ತೂಕದ ಲೆಕ್ಕ ಹೀಗಿದೆ: ದೇಹದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವರು ಪ್ರತಿ ಹೆಜ್ಜೆಗೂ ಇಪ್ಪತ್ತು ಕಿಲೋ ಅಕ್ಕಿಯ ಮೂಟೆ ಇಳಿಸಿದ ಹಾಗೆ. 454 ಜನರನ್ನು ಒಂದೂವರೆ ವರ್ಷ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊಟ, ವ್ಯಾಯಾಮ ಎರಡನ್ನೂ ಸರಿಪಡಿಸಿಕೊಂಡವರಿಗೆ, ಒಂದನ್ನೇ ಮಾಡಿದವರಿಗಿಂತ ನೋವು ಕಡಿಮೆಯಾಯಿತು. ನಮ್ಮ ಮದುವೆ ಊಟಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ, ಇಂದೂ ಭಾಷಣದ ನಂತರ ಬಿರಿಯಾನಿ ಇದೆ ಎಂದು ಕೇಳಿದ್ದೇನೆ. ಬೊಜ್ಜು ಬಹಳ ಇರುವವರಿಗೆ ತೂಕ ಇಳಿಸುವ ಸೆಮಾಗ್ಲುಟೈಡ್ ಸೂಜಿಯಿಂದ ಮಂಡಿ ನೋವೂ ತಗ್ಗಿದ್ದನ್ನು 407 ಜನರ ಅಧ್ಯಯನ 2024ರಲ್ಲಿ ತೋರಿಸಿದೆ. ಅದನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು.

ಮಾತ್ರೆಗಳಲ್ಲಿ, ಹಚ್ಚುವ ಡೈಕ್ಲೋಫೆನಾಕ್ ಜೆಲ್ ಮೊದಲು. ನುಂಗುವ ನೋವಿನ ಮಾತ್ರೆ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ. ತಿಂಗಳುಗಟ್ಟಲೆ ಮೆಡಿಕಲ್ ಅಂಗಡಿಯಿಂದ ತಾನೇ ತಂದು ನುಂಗುವುದು ನಿಲ್ಲಬೇಕು. ಗ್ಲುಕೋಸಮೈನ್ ಮಾತ್ರೆಯನ್ನು 1,583 ಜನರಲ್ಲಿ ಪರೀಕ್ಷಿಸಿದ 2006ರ ಅಧ್ಯಯನದಲ್ಲಿ ಒಟ್ಟಾರೆ ಬರಿಯ ಮಾತ್ರೆಗಿಂತ ಮೇಲಾಗಿ ಕಾಣಲಿಲ್ಲ. ಆ ಹಣಕ್ಕೆ ಹಣ್ಣು, ಮೀನು ತನ್ನಿ.

ಕೊನೆಯದಾಗಿ ಕೀಲು ಬದಲಿ ಶಸ್ತ್ರಚಿಕಿತ್ಸೆ. ಇದರ ಭಯವೇ ಜನರನ್ನು ಸೂಜಿಯ ಕಡೆ ಓಡಿಸುತ್ತದೆ. ವ್ಯಾಯಾಮ ಮಾಡಿ ನೋಡಿದ ಮೇಲೂ ರಾತ್ರಿ ನಿದ್ದೆಗೆಡಿಸುವ ನೋವು, ಮನೆಯೊಳಗೇ ನಡೆಯಲಾಗದ ಸ್ಥಿತಿ, ಎಕ್ಸ್‌ರೇಯಲ್ಲಿ ಕೊನೆಯ ಹಂತ, ಇವೆಲ್ಲ ಕೂಡಿದಾಗ ಇದರಷ್ಟು ಫಲ ಕೊಡುವುದು ಬೇರೊಂದಿಲ್ಲ. ಡೆನ್ಮಾರ್ಕ್‌ನಲ್ಲಿ 100 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಶಸ್ತ್ರಚಿಕಿತ್ಸೆಯಾದವರ ನೋವು, ವ್ಯಾಯಾಮ ಮಾತ್ರ ಮಾಡಿದವರಿಗಿಂತ ಬಹಳ ಇಳಿಯಿತು. ಆದರೆ ಗಂಭೀರ ತೊಡಕುಗಳೂ ಅವರಲ್ಲೇ ಹೆಚ್ಚು, ಮತ್ತು ವ್ಯಾಯಾಮದ ಗುಂಪಿನ ನಾಲ್ಕರಲ್ಲಿ ಮೂವರು ಆ ವರ್ಷ ಆಪರೇಷನ್ ಇಲ್ಲದೆಯೇ ಸಾಗಿಸಿದರು. ಕೃತಕ ಕೀಲು ಹತ್ತು ವರ್ಷ ಮಾತ್ರ ಬರುತ್ತದೆ ಎಂಬುದು ಹಳೆಯ ಮಾತು. 2019ರಲ್ಲಿ ಪ್ರಕಟವಾದ ಲೆಕ್ಕದಂತೆ ನೂರರಲ್ಲಿ ಸುಮಾರು 82 ಕೀಲುಗಳು 25 ವರ್ಷ ಬಾಳುತ್ತವೆ. ಹಾಗೆಯೇ, ಆಪರೇಷನ್ ಆದ ಐವರಲ್ಲಿ ಒಬ್ಬರು ಪೂರ್ತಿ ತೃಪ್ತರಲ್ಲ ಎಂಬುದನ್ನೂ ಹೇಳಬೇಕು. ನೆಲದಲ್ಲಿ ಕೂತು ಊಟ, ಮಂಡಿ ಪೂರ್ತಿ ಮಡಚಿ ಸಜ್ದಾ, ಇವು ಹೆಚ್ಚಿನವರಿಗೆ ಮರಳಿ ಬರುವುದಿಲ್ಲ. ಕುರ್ಚಿಯ ನಮಾಝ್ ಮುಂದುವರಿಯುತ್ತದೆ, ಮಸೀದಿಯವರೆಗೆ ನಡೆದುಕೊಂಡು ಹೋಗುವುದು ಮರಳಿ ಬರುತ್ತದೆ. ಇದನ್ನು ಮೊದಲೇ ತಿಳಿದು ಒಪ್ಪಿದವರು ಆಮೇಲೆ ಕೊರಗುವುದಿಲ್ಲ.

ಖರ್ಚಿನ ಬಗ್ಗೆ: ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೃತಕ ಕೀಲಿಗೆ ಮೊದಲು ಸರಾಸರಿ ಒಂದೂವರೆ ಲಕ್ಷ ರೂಪಾಯಿ ದಾಟಿದ ಬೆಲೆ ಇತ್ತು. ಕೇಂದ್ರ ಸರಕಾರ 2017ರ ಆಗಸ್ಟ್‌ನಲ್ಲಿ ಅದಕ್ಕೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಆಸ್ಪತ್ರೆಯ ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ತೋರಿಸಲು ಕೇಳಿ. ಬಿ.ಪಿ.ಎಲ್. ಕಾರ್ಡಿನವರು ಸರಕಾರಿ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕಂಡು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ತಮಗೆ ಏನು ಸಿಗುತ್ತದೆಂದು, ಬಳೆ ಅಡವಿಡುವ ಮೊದಲೇ, ವಿಚಾರಿಸಿ. ನಮ್ಮ ಸಂಘದ ಹುಡುಗರು ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಡುವ ಹಾಗೆ ಈ ಕೆಲಸಕ್ಕೂ ಜೊತೆಗೆ ಹೋಗಬಹುದಲ್ಲವೇ ಎಂದು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ.

ಡಾಕ್ಟರ ಬಳಿ ಹೋಗುವಾಗ ಎಕ್ಸ್‌ರೇಯನ್ನು ನಿಂತುಕೊಂಡು ತೆಗೆಸಿದ್ದನ್ನೇ ಒಯ್ಯಿರಿ. ಮಲಗಿ ತೆಗೆದದ್ದರಲ್ಲಿ ಸವೆತ ಕಾಣದೆ ಹೋಗಬಹುದು. ಊಟದ ನಂತರ ಅರ್ಧ ಗಂಟೆ ಇಲ್ಲೇ ಇರುತ್ತೇನೆ, ಎಕ್ಸ್‌ರೇ ತಂದವರು ತೋರಿಸಬಹುದು.